ಶಾಲೆಯ ಬಾಗಿಲು ಮುಚ್ಚುವ ಅಧಿಕಾರ ಯಾರದು?

‘ಟಿ.ಸಿ. ಕೊಟ್ಟು ಕಳಿಸ್ತೀನಿ’ ಎಂಬ ಮುಖ್ಯೋಪಾಧ್ಯಾಯರ ಬೆದರಿಕೆಯನ್ನು ಕೇಳದೆ ಬೆಳೆದವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ವಿರಳ. ಮಾಸ್ತರರ ಮೇಲೆ ಕೈ ಮಾಡಿದ, ಸಹಪಾಠಿಯನ್ನು ಹೊಡೆದು ಗಾಯಗೊಳಿಸಿದ ವಿದ್ಯಾರ್ಥಿಗೆ ಶಾಲೆ ವಿಧಿಸುವ ಕೊನೆಯ ಶಿಕ್ಷೆ ಹೊರಹಾಕುವುದು. ಈ ಶಿಕ್ಷೆ ಸಹಜವೆಂದೇ ಹಲವರಿಗೆ ತೋರುತ್ತದೆ. ಆದರೆ ಅದರ ಹಿಂದೆ ಹಳೆಯ ಪ್ರಶ್ನೆಯೊಂದಿದೆ: ತಪ್ಪು ಯಾವುದೆಂದು ತೀರ್ಮಾನಿಸುವವರು ಯಾರು?

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಪ್ರದೇಶ ಧಾರವಾಡ ಜಿಲ್ಲೆಗೆ ಸೇರಿತ್ತು. 1856ರಲ್ಲಿ ಅಸ್ಪೃಶ್ಯನೆಂದು ದೂರವಿಡಲಾಗಿದ್ದ ಮಹಾರ್ ಸಮುದಾಯದ ಬಾಲಕನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಕೇಳಿದ. ಶುಲ್ಕ ಕೊಡಲು ಸಿದ್ಧನಿದ್ದ. ಆತ ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ. ನ್ಯಾಯ ಹುಡುಗನ ಪರವಾಗಿದೆ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆ ಶಾಲೆಯೇ ನಿರುಪಯುಕ್ತವಾದೀತು ಎಂಬುದು ಮುಂಬಯಿ ಸರಕಾರದ ವಾದ. ವಿಷಯ ಕಲಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ತಿಳಿಸಿದರು. ತತ್ವವೇನೋ ಬಂತು, ಆಚರಣೆಗೆ ದಶಕಗಳೇ ಬೇಕಾದವು.

ಇಪ್ಪತ್ತನೆಯ ಶತಮಾನದಲ್ಲಿ ದೇಶಪ್ರೇಮವೇ ಅಶಿಸ್ತಾಯಿತು. 1905ರಲ್ಲಿ ಬಂಗಾಳದ ಕಾರ್ಲೈಲ್ ಸುತ್ತೋಲೆ, ವಿದ್ಯಾರ್ಥಿಗಳನ್ನು ಸ್ವದೇಶಿ ಚಳವಳಿಯಿಂದ ದೂರವಿಡದ ಶಾಲೆಗಳ ಅನುದಾನ ನಿಲ್ಲಿಸುವುದಾಗಿ ಎಚ್ಚರಿಸಿತು. 1907ರ ರಿಸ್ಲಿ ಸುತ್ತೋಲೆ ಈ ನಿರ್ಬಂಧವನ್ನು ಇತರ ಪ್ರಾಂತಗಳಿಗೂ ವಿಸ್ತರಿಸಿತು. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿತು; ಅವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಆಸರೆ ನೀಡಿತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ದಂಡಿ ಯಾತ್ರೆಯಲ್ಲಿ ನಡೆದಾಗ ಇನ್ನೂ ಇಪ್ಪತ್ತು ತುಂಬದ ತರುಣ. ಅಂದಿನ ಸುತ್ತೋಲೆಗಳ ಕಣ್ಣಿಗೆ ಇಂಥ ಹುಡುಗರೇ ಅಪರಾಧಿಗಳು. ಇಂದು ನಾವು ಅವರನ್ನು ಹುತಾತ್ಮರೆನ್ನುತ್ತೇವೆ.

ಸ್ವಾತಂತ್ರ್ಯದ ನಂತರ ನ್ಯಾಯಾಲಯಗಳು ಈ ಅಧಿಕಾರಕ್ಕೆ ಕಡಿವಾಣ ಹಾಕಿದವು. ಪರೀಕ್ಷೆಯಲ್ಲಿ ಅಕ್ರಮವೆಸಗಿದರೆಂಬ ಆರೋಪದ ಮೇಲೆ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ವಿದ್ಯಾರ್ಥಿಗಳ ಫಲಿತಾಂಶ ರದ್ದುಗೊಳಿಸಿದ ಪ್ರಕರಣದಲ್ಲಿ, ಅವರ ಅಹವಾಲು ಕೇಳದೆ ಶಿಕ್ಷಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಧಾರ್ಮಿಕ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಅದಕ್ಕಾಗಿ 1985ರಲ್ಲಿ ಅವರನ್ನು ಶಾಲೆಯಿಂದ ತೆಗೆಯಲಾಯಿತು. ಮರುವರ್ಷ ಅದೇ ನ್ಯಾಯಾಲಯ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಇನ್ನೂ ಮುಂದೆ ಹೋಗಿದೆ. ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತಾದರೂ ಹೊರಹಾಕಬಾರದೆಂಬ ನಿಯಮವನ್ನು ಹಾಗೆಯೇ ಉಳಿಸಿತು.

ತೊಡಕಿರುವುದು ಮುಂದಿನ ಎರಡು ವರ್ಷಗಳಲ್ಲಿ. ಮೀಸೆ ಚಿಗುರುವ, ಸಿಟ್ಟು ಮೂಗಿನ ತುದಿಗೇ ಇರುವ ಒಂಬತ್ತು, ಹತ್ತನೇ ತರಗತಿಯ ಹುಡುಗರಿಗೆ ಈ ರಕ್ಷಣೆಯಿಲ್ಲ. ಈ ವಯಸ್ಸಿನಲ್ಲಿ ಟಿ.ಸಿ. ಹಿಡಿದು ಹೊರಟವನನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯೋ ರಾಣೆಬೆನ್ನೂರಿನ ಗ್ಯಾರೇಜೋ ಕೂಲಿಗೆ ಕರೆಯುತ್ತದೆ. ಒಮ್ಮೆ ಕೈಗೆ ದುಡ್ಡು ಬಂದರೆ ಮರಳಿ ಪಾಟಿಚೀಲ ಹೊರುವುದು ಕಷ್ಟ. ಪಾಲಕರನ್ನು ಕರೆಸಿ, ‘ನೀವೇ ಟಿ.ಸಿ. ಕೇಳಿದಿರೆಂದು ಬರೆದುಕೊಡಿ’ ಎಂದರಂತೂ ಹೊರಹಾಕಿದ್ದು ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ.

ಹೊಡೆತ ತಿಂದ ಮಗುವಿಗೂ ನ್ಯಾಯ ಸಿಗಬೇಕು, ಮಾಸ್ತರರಿಗೂ ರಕ್ಷಣೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆರೋಪವನ್ನು ಬರವಣಿಗೆಯಲ್ಲಿ ತಿಳಿಸುವುದು, ಹುಡುಗನ ಮತ್ತು ಪಾಲಕರ ಮಾತು ಕೇಳುವುದು, ಹೊರಹಾಕಲೇಬೇಕಾದರೆ ಬೇರೆ ಶಾಲೆಯಲ್ಲಿ ಜಾಗ ಗೊತ್ತುಮಾಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಧಾರವಾಡದ ಬಾಲಕನ ಹೆಸರು ಹಾಜರಿ ಪುಸ್ತಕ ಸೇರಲೇ ಇಲ್ಲ. ಆ ಪುಸ್ತಕದಿಂದ ಒಂದು ಹೆಸರನ್ನು ಹೊಡೆದುಹಾಕುವ ಮುನ್ನ ಇಷ್ಟಾದರೂ ತಡೆದು ಯೋಚಿಸಬೇಕು.