ಗಡ್ಡೆಯೊಳಗಿನ ಆಮ್ಲಜನಕದ ಕೊರತೆ ಮತ್ತು ಕ್ಯಾನ್ಸರ್ ಹರಡುವಿಕೆ

ಕ್ಯಾನ್ಸರ್ ಗಡ್ಡೆ ಬೆಳೆಯುತ್ತ ಹೋದಂತೆ ಅದರ ಕೆಲವು ಭಾಗಗಳಿಗೆ ಸಾಕಷ್ಟು ಆಮ್ಲಜನಕ ಸಿಗದೆ ಹೋಗುವುದನ್ನು ವೈದ್ಯರು ಹೈಪಾಕ್ಸಿಯಾ ಎನ್ನುತ್ತಾರೆ. ಗಡ್ಡೆ ತಾನಾಗಿ ಬೆಳೆಸಿಕೊಳ್ಳುವ ರಕ್ತನಾಳಗಳು ಅಂಕುಡೊಂಕಾದವು, ಸೋರುವಂಥವು. ಅವುಗಳಲ್ಲಿ ರಕ್ತ ಒಮ್ಮೆ ಹರಿದರೆ ಇನ್ನೊಮ್ಮೆ ನಿಂತುಬಿಡುತ್ತದೆ. ನಾಳದಿಂದ ತೀರ ದೂರವಿರುವ ಕೋಶಗಳು ಸಾಯುತ್ತವೆ. ಸಾವಿನ ಅಂಚಿನಲ್ಲಿದ್ದೂ ಬದುಕುಳಿಯುವ ಕೋಶಗಳು ಚಿಕಿತ್ಸೆಗೆ ಬಗ್ಗುವುದಿಲ್ಲ, ಹುಟ್ಟಿದ ಜಾಗ ಬಿಟ್ಟು ಹೊರಡುವುದರಲ್ಲೂ ಮುಂದಿರುತ್ತವೆ. ಚಿಕಿತ್ಸೆಗೆ ಬಗ್ಗವೆಂಬುದು 1950ರ ದಶಕದಲ್ಲೇ ಸ್ಪಷ್ಟವಾಗಿತ್ತು. ಹರಡುವಿಕೆಯ ಸಂಗತಿ ಗಮನಕ್ಕೆ ಬರಲು ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಚರ್ಮವನ್ನು ಒತ್ತಿ ಹಿಡಿದು ರೇಡಿಯಂ ಇಟ್ಟರೆ ಸುಡುವ ಗಾಯ ಕಡಿಮೆಯಾಗುತ್ತದೆಂದು 1909ರಲ್ಲೇ ಗಾಟ್‌ವಾಲ್ಟ್ ಶ್ವಾರ್ಟ್ಸ್ ಗಮನಿಸಿದ್ದರು. ಒತ್ತಿದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ, ಹಾಗಾಗಿ ಆಮ್ಲಜನಕವೂ ತಲುಪುವುದಿಲ್ಲ. 1953ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಎಲ್. ಎಚ್. ಗ್ರೇ ಮತ್ತು ಸಂಗಡಿಗರು ಆಮ್ಲಜನಕಕ್ಕೂ ವಿಕಿರಣದ ಪರಿಣಾಮಕ್ಕೂ ಇರುವ ನಂಟನ್ನು ವಿವರವಾಗಿ ಮಂಡಿಸಿದರು. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಈಗ ವಿಕಿರಣವನ್ನು ಅಳೆಯುವ ಮಾನಕ್ಕೂ ಗ್ರೇ ಅವರದೇ ಹೆಸರು.

1955ರಲ್ಲಿ ಆರ್. ಎಚ್. ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಕ್ಯಾನ್ಸರ್ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅಳೆದರು. ಗಡ್ಡೆಯ ಎಳೆ ಎಷ್ಟೇ ದಪ್ಪವಿರಲಿ, ಹೊರಗಿನ ಜೀವಂತ ಪದರದ ದಪ್ಪ ಹೆಚ್ಚುಕಡಿಮೆ ಒಂದೇ. ಸತ್ತ ತಿರುಳು ಮಾತ್ರ ದೊಡ್ಡದಾಗುತ್ತ ಹೋಗುತ್ತಿತ್ತು. ಅಂಗಾಂಶದೊಳಗೆ ಆಮ್ಲಜನಕ ಎಷ್ಟು ದೂರ ಇಳಿಯಬಲ್ಲದೆಂದು ಲೆಕ್ಕ ಹಾಕಿದಾಗ ಬಂದದ್ದು ಸುಮಾರು 150 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗ. ಸೂಕ್ಷ್ಮದರ್ಶಕ, ಅಳತೆಪಟ್ಟಿ ಮತ್ತು ಗಣಿತ ಬಿಟ್ಟರೆ ಹೆಚ್ಚೇನೂ ಇಲ್ಲದೆ ಈ ಮಟ್ಟದ ತೀರ್ಮಾನಕ್ಕೆ ಬಂದ ಸಂಶೋಧನೆಗಳು ವೈದ್ಯಕೀಯದಲ್ಲಿ ವಿರಳ.

ಮುಂದೆ ಹಲವು ವರ್ಷ ಆಮ್ಲಜನಕದ ಈ ಕೊರತೆ ವಿಕಿರಣ ಚಿಕಿತ್ಸಕರ ತಲೆನೋವಾಗಿಯೇ ಉಳಿಯಿತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಐ. ಚರ್ಚಿಲ್-ಡೇವಿಡ್‌ಸನ್ ರೋಗಿಗಳನ್ನು ಹೆಚ್ಚು ಒತ್ತಡದ ಆಮ್ಲಜನಕ ತುಂಬಿದ ಕೋಣೆಯಲ್ಲಿ ಮಲಗಿಸಿ ವಿಕಿರಣ ಕೊಟ್ಟರು. ಆಮ್ಲಜನಕದ ಕೆಲಸವನ್ನು ತಾವೇ ಮಾಡುವ ಔಷಧಗಳು ಬಂದವು. ಅವುಗಳಲ್ಲಿ ನಿಮೊರಜೋಲ್ ಡೆನ್ಮಾರ್ಕ್‌ನಲ್ಲಿ ನೆಲೆಯೂರಿತು. ರಕ್ತಹೀನತೆ ಸರಿಪಡಿಸಿದರೆ ಗಡ್ಡೆಗೂ ಆಮ್ಲಜನಕ ಸಿಕ್ಕೀತೆಂಬ ಆಸೆಯಿಂದ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಕೊಟ್ಟದ್ದೂ ಉಂಟು. 2003ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹಿಮೋಗ್ಲೋಬಿನ್ ಏರಿತು, ಆದರೆ ಕಾಯಿಲೆಯ ಹತೋಟಿ ಔಷಧ ಪಡೆಯದವರಿಗಿಂತ ಕೆಟ್ಟದಾಯಿತು.

ಹರಡುವಿಕೆಯ ಕಡೆ ಮೊದಲು ಬೆರಳು ತೋರಿದ್ದು ಟೊರಾಂಟೊ. ಎಸ್. ಡಿ. ಯಂಗ್, ಆರ್. ಎಸ್. ಮಾರ್ಷಲ್ ಮತ್ತು ಆರ್. ಪಿ. ಹಿಲ್ 1988ರಲ್ಲಿ ಇಲಿಯ ಕ್ಯಾನ್ಸರ್ ಕೋಶಗಳನ್ನು ಆಮ್ಲಜನಕವಿಲ್ಲದೆ ಇರಿಸಿ, ಮತ್ತೆ ಗಾಳಿಗೆ ತಂದು, ಇಲಿಗಳ ರಕ್ತಕ್ಕೆ ಚುಚ್ಚಿದರು. ಶ್ವಾಸಕೋಶದಲ್ಲಿ ಎಂದಿಗಿಂತ ಹೆಚ್ಚು ಗಡ್ಡೆಗಳು ಎದ್ದವು. ಮನುಷ್ಯರಲ್ಲಿ ಸಾಕ್ಷ್ಯ ಸಿಕ್ಕಿದ್ದು ಗಡ್ಡೆಯೊಳಗೆ ತೂರಿಸಿ ಅಳೆಯುವ ಸೂಜಿ ವಿದ್ಯುದ್ವಾರ ಬಂದ ಮೇಲೆ. ಜರ್ಮನಿಯ ಮೈಂಜ್‌ನಲ್ಲಿ ಮಿಖಾಯೆಲ್ ಹೆಕೆಲ್ ಮತ್ತು ಪೀಟರ್ ಫೌಪೆಲ್ ಗರ್ಭಕೊರಳಿನ ಕ್ಯಾನ್ಸರ್ ಇರುವ ಮಹಿಳೆಯರಲ್ಲಿ ಅಳತೆ ತೆಗೆದು, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಮ್ಲಜನಕದ ಒತ್ತಡ 10 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆಯಿದ್ದವರ ಸ್ಥಿತಿ ಶಸ್ತ್ರಚಿಕಿತ್ಸೆ ಮಾತ್ರ ಪಡೆದಿದ್ದರೂ ಹದಗೆಟ್ಟಿತ್ತು. ಇಲ್ಲಿ ವಿಕಿರಣದ ಮಾತೇ ಇಲ್ಲ. ಹಾಗಾಗಿ ದೋಷ ಚಿಕಿತ್ಸೆಯದಲ್ಲ, ಕೊರತೆಯೇ ಗಡ್ಡೆಯ ಗುಣವನ್ನು ಕೆಡಿಸುತ್ತಿದೆ ಎಂಬ ವಾದಕ್ಕೆ ಬಲ ಬಂತು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಬ್ರಿಜೆಲ್ ತಂಡ ಮೃದು ಅಂಗಾಂಶದ ಸಾರ್ಕೋಮಾದಲ್ಲೂ ಆಮ್ಲಜನಕ ಕಡಿಮೆಯಿದ್ದಾಗ ದೂರದ ಅಂಗಗಳಿಗೆ ಹರಡುವುದು ಹೆಚ್ಚೆಂದು ವರದಿ ಮಾಡಿತು.

ಕೊರತೆ ಗಡ್ಡೆಯ ಗುಣವನ್ನು ಹೇಗೆ ಕೆಡಿಸುತ್ತದೆಂಬುದಕ್ಕೆ ಕಾರಣ ಬೇರೊಂದು ದಾರಿಯಿಂದ ಸಿಕ್ಕಿತು. ಆಮ್ಲಜನಕ ಕಡಿಮೆಯಾದಾಗ ಕೆಲಸಕ್ಕೆ ಇಳಿಯುವ ಮೂತ್ರಪಿಂಡದ ಎರಿತ್ರೊಪೊಯೆಟಿನ್ ಜೀನನ್ನು ಅಭ್ಯಾಸ ಮಾಡುತ್ತಿದ್ದ ಗ್ರೆಗ್ ಸೆಮೆಂಜಾ 1990ರ ದಶಕದ ಮೊದಲಲ್ಲಿ ಎಚ್‌ಐಎಫ್-1 ಎಂಬ ಪ್ರೋಟೀನನ್ನು ಗುರುತಿಸಿದರು. ಆಮ್ಲಜನಕ ಸಾಕಷ್ಟಿದ್ದರೆ ಕಿಣ್ವಗಳು ಈ ಪ್ರೋಟೀನಿನ ಮೇಲೆ ಗುರುತು ಒತ್ತುತ್ತವೆ, ವಿಎಚ್‌ಎಲ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಇಲ್ಲದಿದ್ದರೆ ಅದು ಉಳಿದು, ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಈ ಸರಪಣಿಯನ್ನು ಬಿಡಿಸಿದ ಸೆಮೆಂಜಾ, ಪೀಟರ್ ರ‍್ಯಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರ ನೊಬೆಲ್ ಬಂತು.

ಹೀಗೆ ಎದ್ದ ಜೀನ್‌ಗಳಲ್ಲಿ ಕೆಲವು ಹೊಸ ರಕ್ತನಾಳ ಕರೆಸುತ್ತವೆ. ಟ್ವಿಸ್ಟ್ ಎಂಬುದು ಕೋಶಗಳ ನಡುವಿನ ಅಂಟು ಸಡಿಲಿಸಿ ಅವಕ್ಕೆ ಓಡಾಡುವ ಗುಣ ಕೊಡುತ್ತದೆ. ಲೈಸಿಲ್ ಆಕ್ಸಿಡೇಸ್ ಕಿಣ್ವ ಸುತ್ತಲಿನ ಕೊಲ್ಯಾಜನ್ ನಾರುಗಳನ್ನು ಬಿಗಿದು ಕೋಶಗಳ ನುಗ್ಗುವಿಕೆಗೆ ನೆರವಾಗುತ್ತದೆ. ಅದನ್ನು ತಡೆದರೆ ಇಲಿಗಳಲ್ಲಿ ಹರಡುವಿಕೆ ತಗ್ಗುವುದನ್ನು ಜಾನೀನ್ ಅರ್ಲರ್, ಅಮಾಟೊ ಜಿಯಾಚ್ಚಿಯಾ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು.

ಗಡ್ಡೆಯ ರಕ್ತ ಪೂರೈಕೆಯನ್ನೇ ಕಡಿಯುವ ಔಷಧಗಳ ಬಗ್ಗೆ ಇದರಿಂದ ಮುಜುಗರದ ಪ್ರಶ್ನೆ ಎದ್ದಿತು: ಅವು ಕೊರತೆಯನ್ನೇ ಹೆಚ್ಚಿಸುತ್ತವೆಯೇ? ಅಂಥ ಔಷಧ ಕೊಟ್ಟ ಇಲಿಗಳಲ್ಲಿ ಗಡ್ಡೆ ಕುಗ್ಗಿದರೂ ಹರಡುವಿಕೆ ಹೆಚ್ಚಾದದ್ದನ್ನು 2009ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ವರದಿ ಮಾಡಿದವು. ನಾಳಗಳನ್ನು ನಾಶ ಮಾಡುವ ಬದಲು ನೇರ್ಪಡಿಸಿ ಎಂದು ಐಐಟಿ ಕಾನ್ಪುರದಲ್ಲಿ ಓದಿ ಹಾರ್ವರ್ಡ್ ಸೇರಿದ ರಾಕೇಶ್ ಜೈನ್ 2001ರಿಂದಲೇ ವಾದಿಸುತ್ತಿದ್ದರು.

2019ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಡ್ಯಾನಿಯೆಲ್ ಗಿಲ್ಕ್ಸ್ ತಂಡ, ಒಮ್ಮೆ ಆಮ್ಲಜನಕದ ಕೊರತೆ ಉಂಡ ಇಲಿಗಳಲ್ಲಿನ ಸ್ತನ ಕ್ಯಾನ್ಸರ್ ಕೋಶಗಳಿಗೆ ಅಳಿಯದ ಬಣ್ಣದ ಗುರುತು ಹಾಕಿ ಹಿಂಬಾಲಿಸಿತು. ಆಮ್ಲಜನಕವಿರುವ ರಕ್ತಕ್ಕೆ ಇಳಿದ ಮೇಲೂ ಅವು ಹೆಚ್ಚಾಗಿ ಬದುಕುಳಿದು, ದೂರದಲ್ಲಿ ಹೊಸ ಗಡ್ಡೆ ಹೂಡಿದವು. ಎಚ್‌ಐಎಫ್-2 ಎಂಬ ಸೋದರ ಪ್ರೋಟೀನನ್ನು ತಡೆಯುವ ಔಷಧ ಬೆಲ್ಜುಟಿಫ್ಯಾನ್‌ಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಆದರೆ ಮೊದಲ ಬಳಕೆ ವಿಎಚ್‌ಎಲ್ ಜೀನ್ ಹುಟ್ಟಿನಿಂದಲೇ ಕೆಟ್ಟವರ ಗಡ್ಡೆಗಳಿಗೆ. ಅಲ್ಲಿ ಎಚ್‌ಐಎಫ್ ಉಳಿಯುವುದು ವಿಎಚ್‌ಎಲ್ ಇಲ್ಲದ್ದರಿಂದ, ಆಮ್ಲಜನಕ ಇಲ್ಲದ್ದರಿಂದಲ್ಲ.