ವಂಶಾವಳಿಯ ಕಡತ, ಶಾಲೆಯ ಅಂಕಪಟ್ಟಿ

'ಯೂಜೆನಿಕ್ಸ್' ಎಂಬ ಪದವನ್ನು ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಟಂಕಿಸಿದ. ಕನ್ನಡದಲ್ಲಿ ಸುಜನನಶಾಸ್ತ್ರ ಎನ್ನಬಹುದಾದ ಈ ವಿಚಾರ ಇಂಗ್ಲೆಂಡಿನಲ್ಲಿ ಹುಟ್ಟಿದರೂ ಕಾನೂನಿನ ಬಲ ಪಡೆದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ 1910ರಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ತೆರೆದ ಯೂಜೆನಿಕ್ಸ್ ರೆಕಾರ್ಡ್ ಆಫೀಸ್ ಅದರ ಭಂಡಾರವಾಯಿತು. ಅಲ್ಲಿ ತರಬೇತಿ ಪಡೆದ ಕ್ಷೇತ್ರಕಾರ್ಯಕರ್ತರು, ಅವರಲ್ಲಿ ಬಹುಪಾಲು ಯುವತಿಯರು, ಮನೆಗಳಿಗೂ ಆಶ್ರಯಾಲಯಗಳಿಗೂ ಹೋಗಿ ವಂಶಾವಳಿಗಳನ್ನು ಬರೆದು ತಂದರು. ಅಪಸ್ಮಾರ, ಬುದ್ಧಿಮಾಂದ್ಯಗಳಷ್ಟೇ ಅಲ್ಲ, ಬಡತನವೂ ಅಲೆಮಾರಿತನವೂ ರಕ್ತದ ಗುಣಗಳೆಂದು ದಾಖಲಾದವು. ನೆರೆಹೊರೆಯವರ ಮಾತೂ ಪುರಾವೆಯಾಯಿತು. ಶಾಸನಗಳ ವಂಶಾವಳಿಯನ್ನು ಓದಿದವರಿಗೆ ಬರೆಸಿದವನ ಉದ್ದೇಶ ಪಟ್ಟಿಯೊಳಗೆ ಹೇಗೆ ಇಳಿಯುತ್ತದೆಂಬುದು ಗೊತ್ತು. ಅಲ್ಲಿ ಕುಲದ ಹೊಗಳಿಕೆ, ಇಲ್ಲಿ ದೂಷಣೆ.

ಈ ಕಡತಗಳು ಕಪಾಟಿನಲ್ಲಿ ಉಳಿಯಲಿಲ್ಲ. ವರ್ಜೀನಿಯಾ ರಾಜ್ಯ 1924ರಲ್ಲಿ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನು ಮಾಡಿ, ಅದನ್ನು ನ್ಯಾಯಾಲಯದಲ್ಲಿ ಪರೀಕ್ಷಿಸಲು ಕ್ಯಾರಿ ಬಕ್ ಎಂಬ ತರುಣಿಯನ್ನು ಆರಿಸಿಕೊಂಡಿತು. ಆಕೆಯ ತಾಯಿ ಎಮ್ಮಾ ಆಗಲೇ ಲಿಂಚ್‌ಬರ್ಗ್ ಸಮೀಪದ ಸರ್ಕಾರಿ ಆಶ್ರಯಾಲಯದಲ್ಲಿದ್ದಳು. ರೆಕಾರ್ಡ್ ಆಫೀಸಿನ ಹ್ಯಾರಿ ಲಾಫ್ಲಿನ್ ಕ್ಯಾರಿಯನ್ನು ಕಣ್ಣಿನಿಂದ ನೋಡದೆಯೇ ಆಕೆಯ ದೋಷ ವಂಶಪಾರಂಪರ್ಯವಾದುದೆಂದು ಲಿಖಿತ ಸಾಕ್ಷ್ಯ ಕಳುಹಿಸಿದ. ಎಂಟು ತಿಂಗಳೂ ತುಂಬದ ಆಕೆಯ ಮಗು ವಿವಿಯನ್ ಕೂಡ ಸಹಜವಾಗಿಲ್ಲವೆಂದು ಒಬ್ಬ ಸಮಾಜಸೇವಕಿ ಹೇಳಿದಳು. ಕ್ಯಾರಿಯ ಪರ ವಾದಿಸಿದ ವಕೀಲ ಇರ್ವಿಂಗ್ ವೈಟ್‌ಹೆಡ್ ಅದೇ ಆಶ್ರಯಾಲಯದ ಆಡಳಿತ ಮಂಡಳಿಯಲ್ಲಿದ್ದವನು. ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. 1927ರಲ್ಲಿ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ಆಲಿವರ್ ವೆಂಡೆಲ್ ಹೋಮ್ಸ್. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯಾರಿಗೆ ಶಸ್ತ್ರಚಿಕಿತ್ಸೆ ನಡೆಯಿತು.

ರೆಕಾರ್ಡ್ ಆಫೀಸ್ 1939ರಲ್ಲಿ ಮುಚ್ಚಿತು. ಅದರ ಕಾಗದಪತ್ರಗಳು ಹಲವು ಕೈ ದಾಟಿ ಈಗ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿವೆ. ಆದರೆ ಬಕ್ ಪ್ರಕರಣದ ಸುಳ್ಳು ಬಯಲಾಗಲು ಮುಖ್ಯವಾಗಿ ನೆರವಾದದ್ದು ಬೇರೊಂದು ಬಗೆಯ ದಾಖಲೆ. ದಶಕಗಳ ಅನಂತರ ಇತಿಹಾಸಕಾರ ಪಾಲ್ ಲೊಂಬಾರ್ಡೊ ಷಾರ್ಲಟ್ಸ್‌ವಿಲ್ ಶಾಲೆಯ ಅಂಕಪಟ್ಟಿಗಳನ್ನು ಪತ್ತೆಹಚ್ಚಿದರು. ಯಾವ ಸಿದ್ಧಾಂತದ ಸಮರ್ಥನೆಗೂ ಬರೆಯದ ಆ ಹಾಳೆಗಳಲ್ಲಿ ವಿವಿಯನ್ ಸಾಮಾನ್ಯ ವಿದ್ಯಾರ್ಥಿನಿ. 1931ರಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲೂ ಆಕೆಯ ಹೆಸರಿದೆ. ಮರುವರ್ಷ, ಎಂಟರ ಪ್ರಾಯದಲ್ಲಿ, ಆಕೆ ಕಾಯಿಲೆಯಿಂದ ತೀರಿಕೊಂಡಳು. ಕ್ಯಾರಿ ಗರ್ಭಿಣಿಯಾದದ್ದು ಸಾಕುಮನೆಯವರ ಸಂಬಂಧಿಯ ಅತ್ಯಾಚಾರದಿಂದ ಎಂಬ ಆಕೆಯ ಮಾತೂ ಆ ಬಳಿಕವೇ ಓದುಗರನ್ನು ತಲುಪಿತು.

ವರ್ಜೀನಿಯಾದ ಗವರ್ನರ್ 2002ರಲ್ಲಿ ಕ್ಷಮೆ ಕೋರಿದರು. 1927ರ ತೀರ್ಪನ್ನು ಸುಪ್ರೀಂ ಕೋರ್ಟ್ ಇಂದಿಗೂ ಸ್ಪಷ್ಟವಾಗಿ ರದ್ದುಪಡಿಸಿಲ್ಲ.