ಮೂರು ಸಲ ಮಿನುಗಿ ಸುಮ್ಮನಾಗಬಹುದಿತ್ತು

ಫಲಿತಾಂಶ ನೋಡೋಕೋ ಅರ್ಜಿ ಹಾಕೋಕೋ ಸರ್ಕಾರಿ ವೆಬ್‌ಸೈಟ್ ತೆರೆದವರಿಗೆಲ್ಲ ಇದು ಗೊತ್ತು: ಪ್ರಕಟಣೆಯ ಪಕ್ಕದಲ್ಲಿ ಪುಟ್ಟದೊಂದು 'ನ್ಯೂ' ಮಿನುಗ್ತಾ ಇರುತ್ತೆ. ಪ್ರಕಟಣೆ ಹಾಕಿ ಎರಡು ವರ್ಷ ಆಗಿದ್ರೂ ಅದಿನ್ನೂ 'ನ್ಯೂ'! ನನಗೆ ಮೈಗ್ರೇನ್ ಇದೆ. ಅಂಥ ಪುಟ ಓದುವಾಗ ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಳ್ತೀನಿ. ಈ ಮಿನುಗಾಟ ಶುರುವಾದದ್ದು ಹೇಗೆ ಅಂತ ಹುಡುಕ್ತಾ ಹೋದೆ.

ಅದು ಜಿಫ್ ಚಿತ್ರ. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಅವರ ತಂಡ ಇದನ್ನು ರೂಪಿಸಿತು. (ಕೆಲವರು ಗಿಫ್ ಅಂತಾರೆ, ವಿಲ್‌ಹೈಟ್ ಮಾತ್ರ ಕೊನೆವರೆಗೂ ಜಿಫ್ ಅಂತಲೇ ಪಟ್ಟು ಹಿಡಿದಿದ್ದರು.) ನಿಧಾನದ ಮೋಡೆಮ್‌ನಲ್ಲೂ ಬಣ್ಣದ ಚಿತ್ರ ಕಳಿಸಬೇಕು, ಅಷ್ಟೇ ಉದ್ದೇಶ. ಒಂದು ಚಿತ್ರಕ್ಕೆ 256 ಬಣ್ಣ. 1989ರ ಆವೃತ್ತಿಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಎಷ್ಟು ಹೊತ್ತು ಕಾಯಬೇಕು ಅಂತ ಹೇಳುವ ಸೌಲಭ್ಯ ಬಂತು.

ಆ ಆವೃತ್ತಿಯ ದಾಖಲೆ ಓದಿದಾಗ ನನಗೆ ಆಶ್ಚರ್ಯ ಕಾದಿತ್ತು. ಇದು ಅನಿಮೇಷನ್‌ಗಾಗಿ ಮಾಡಿದ್ದಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಅಷ್ಟೇ ಅಲ್ಲ, ನೋಡುವವರು ಒಂದು ಕೀಲಿ ಒತ್ತುವವರೆಗೆ ಮುಂದಿನ ಚಿತ್ರಕ್ಕೆ ಹೋಗದೆ ಕಾಯುವ ಏರ್ಪಾಡೂ ಅದರಲ್ಲಿದೆ! ಅಂದ್ರೆ ಹಿಡಿತ ಓದುಗರ ಕೈಲಿತ್ತು. ಬ್ರೌಸರ್‌ಗಳು ಅದನ್ನು ಬಳಸಲೇ ಇಲ್ಲ.

ಕಥೆ ತಿರುಗಿದ್ದು 1996ರಲ್ಲಿ, ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಬಂದಾಗ. ಜಿಫ್ ಎಷ್ಟು ಸಲ ಮರುಕಳಿಸಬೇಕು ಅನ್ನೋದಕ್ಕೆ ಒಂದು ಸಂಖ್ಯೆ ಸೇರಿಸಿದರು. ಅಲ್ಲಿ ಸೊನ್ನೆ ಹಾಕಿದರೆ ಸುತ್ತು ಮುಗಿಯೋದೇ ಇಲ್ಲ. ಮೂರು ಹಾಕಬಹುದಿತ್ತು, ಗಮನ ಸೆಳೆದು ಸುಮ್ಮನಾಗ್ತಿತ್ತು. ಆದರೆ ಎಲ್ಲರೂ ಸೊನ್ನೆಗೇ ಜೋತುಬಿದ್ದರು. ಜಿಯೊಸಿಟೀಸ್‌ನ ಪುಟಗಳಲ್ಲಿ ಉರಿಯುವ ಪಂಜು, ತಿರುಗುವ ಭೂಗೋಳ, 'ಕಾಮಗಾರಿ ನಡೆಯುತ್ತಿದೆ' ಅಂತ ಗುದ್ದಲಿ ಹಿಡಿದು ಅಗೆಯುತ್ತಲೇ ಇರುವ ಮನುಷ್ಯ. ಪಾಪ, ಅವನ ಕಾಮಗಾರಿ ಮುಗಿಯಲೇ ಇಲ್ಲ. 2009ರಲ್ಲಿ ಅಮೆರಿಕದಲ್ಲಿ ಜಿಯೊಸಿಟೀಸೇ ಮುಚ್ಚಿತು. ನಿಲ್ಲದ ಅನಿಮೇಷನ್ ಕಣ್ಣಂಚಿನಲ್ಲಿ ಕಾಟ ಕೊಡುತ್ತೆ ಅಂತ ಜೇಕಬ್ ನೀಲ್ಸನ್ 1996ರಲ್ಲೇ ಎಚ್ಚರಿಸಿದ್ದರು. ಯಾರು ಕೇಳ್ತಾರೆ?

ಇದು ಬರೀ ಕಿರಿಕಿರಿಯ ವಿಷಯ ಅಲ್ಲ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಂತೊಂದರ ಕೆಂಪು-ನೀಲಿ ಮಿಂಚಾಟ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಹಲವರಿಗೆ ಫಿಟ್ಸ್ ಬಂದಿತ್ತು. 2008ರ ವೆಬ್ ಮಾರ್ಗಸೂಚಿಯಲ್ಲಿ ಎರಡು ಗೆರೆ ಎಳೆದರು: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದು, ಪುಟದಲ್ಲಿ ತಾನಾಗಿ ಶುರುವಾಗಿ ಐದು ಸೆಕೆಂಡ್ ಮೀರಿ ಅಲುಗಾಡೋದನ್ನು ನಿಲ್ಲಿಸೋಕೆ ಓದುಗರಿಗೆ ದಾರಿ ಇರಬೇಕು. 'ಚಲನೆ ಕಡಿಮೆ ಮಾಡು' ಅನ್ನೋ ಫೋನಿನ ಸೆಟ್ಟಿಂಗ್ ವೆಬ್ ಪುಟಗಳಿಗೂ ತಿಳಿಯುವ ವ್ಯವಸ್ಥೆ 2017ರಲ್ಲಿ ಸಫಾರಿ ಬ್ರೌಸರ್‌ಗೆ ಬಂತು. ಆದರೆ ಜಿಫ್‌ಗೆ ತಾನಾಗಿ ಆ ಮಾತು ಕೇಳಿಸಲ್ಲ. ಪುಟ ಮಾಡುವವರೇ ಅದರ ಬದಲು ಒಂದು ಸ್ತಬ್ಧ ಚಿತ್ರ ಇಟ್ಟಿರಬೇಕು. ಎರಡು-ಮೂರು ಸಾಲಿನ ಕೆಲಸ.

ಕಳೆದ ವಾರ ಆ ಸೆಟ್ಟಿಂಗ್ ಹಾಕಿಕೊಂಡು ಒಂದು ಇಲಾಖೆಯ ಪುಟ ತೆರೆದೆ. ಮಿನುಗ್ತಾನೇ ಇತ್ತು. ಅಂಗೈ ಅಡ್ಡ ಇಟ್ಟೇ ಅರ್ಜಿ ತುಂಬಿದೆ.